ಮೊದಲು ಗಂಟು, ಆಮೇಲೆ ಗುಟುಕು

ಕಾಲ್ಚೀಲದ ತೂತಿನಿಂದ ಸೀನನ ಹೆಬ್ಬೆರಳು ಇಣುಕ್ತಾ ಇದೆ, ಉಗುರಿಗೆ ಕೆಂಪು ಬಣ್ಣ ಹಚ್ಚಿದಾನೆ, ಆಫೀಸಿನ ಷೂ ಒಳಗೆ ಯಾರಿಗೆ ಕಾಣುತ್ತೆ ಪಾಪ, ಜಮಖಾನದ ಮೇಲೆ ಅಂಗಾತ ಮಲಗಿದಾನೆ, ಕುಡಿದು ಎಚ್ಚರ ತಪ್ಪಿದವನ ಪಾತ್ರ ಇವತ್ತು ಅವನದು, ಕಣ್ಣು ಮುಚ್ಚಿದಾನೆ, ಹೊಟ್ಟೆ ಮಾತ್ರ ನಗು ತಡೀಲಾರದೆ ಕುಣೀತಾ ಇದೆ — ಸೀನಕ್ಕ, ಪಾತ್ರಕ್ಕೆ ಅಭ್ಯಾಸ ಏನೂ ಬೇಡ ಬಿಡು ನಿಂಗೆ, ಅಂತ ಹಿಂದಿನ ಸಾಲಿಂದ ಯಾರೋ ಅಂದ್ರು, ನಮ್ಮ ನಡುವೆ ಅವನು ಅಕ್ಕನೇ, ಎಲ್ಲರೂ ನಕ್ಕರು, ನಾನೂ ನಕ್ಕೆನೇನೋ. ಸಂಘದ ಹಂಸಾ ಮೇಡಂ ಗೋಡೆ ಮೇಲಿನ ಚಿತ್ರ ತೋರಿಸಿ ಹೇಳ್ತಾ ಇದಾರೆ, ಕುಡೀಬೇಡಿ ಅಂತ ನಾವು ಹೇಳಲ್ಲ, ಕುಡಿದಾಗ ಜೀವ ಉಳಿಸಿಕೊಳ್ಳೋದು ಹೇಗೆ ಅಂತ ಹೇಳ್ತೀವಿ, ಅದಕ್ಕೆ ಇಂಗ್ಲಿಷಲ್ಲಿ ಒಂದು ಹೆಸರಿದೆ, ಹಾರ್ಮ್ ಅಂತ ಶುರುವಾಗುತ್ತೆ, ನನಗೆ ಹಾರ್ಮೋನಿಯಂ ಅಂತಲೇ ಕೇಳಿಸ್ತು, ಇರಲಿ, ಗೋಡೆ ಮೇಲಿನ ಅಕ್ಷರ ಕೂಡಿಸಿ ಓದೋಕೆ ನನಗೆ ಬರಲ್ಲ, ಚಿತ್ರ ಗೊತ್ತಾಗುತ್ತೆ, ಒಬ್ಬ ಮಲಗಿದಾನೆ, ಒಬ್ಬ ಅವನ ಭುಜ ಹಿಡಿದು ಮಗ್ಗುಲಿಗೆ ಹೊರಳಿಸ್ತಾ ಇದಾನೆ. ಶನಿವಾರದ ಡ್ಯಾನ್ಸ್ ಪಾರ್ಟಿಗೆ ಹೋಗೋ ಕಾಲೇಜು ಹುಡುಗರು ಇಬ್ಬರು ಕೂತಿದಾರೆ, ಅವರು ಗುಳಿಗೆ ವಿಚಾರ ಕೇಳ್ತಾರೆ, ಕುಡಿದ ಮೇಲೆ ಗುಳಿಗೆ ನುಂಗಿದ್ರೆ ಏನಾಗುತ್ತೆ ಮೇಡಂ, ಮೇಡಂ ಬೈಯಲ್ಲ, ತಾಳ್ಮೆಯಿಂದ ಹೇಳ್ತಾರೆ, ಎರಡೂ ಸೇರಿದ್ರೆ ಎಚ್ಚರ ತಪ್ಪುತ್ತೆ, ಅಂಗಾತ ಬಿದ್ದಿದ್ರೆ ವಾಂತಿ ಉಸಿರಿಗೆ ಅಡ್ಡ ಸಿಕ್ಕುತ್ತೆ, ಆಮೇಲೆ ನಮ್ಮ ಕಡೆ ತಿರುಗಿ ಅಂತಾರೆ, ಬೈದ್ರೆ ಬಚ್ಚಿಟ್ಟು ಮಾಡ್ತಾರೆ, ಬಚ್ಚಿಟ್ಟು ಮಾಡೋರು ಒಬ್ಬರೇ ಮಾಡ್ತಾರೆ, ಒಬ್ಬರೇ ಇದ್ದಾಗಲೇ ಸಾಯೋದು — ಎಷ್ಟು ಸಲೀಸಾಗಿ ಅಂದುಬಿಟ್ರು, ಫ್ಯಾನು ತಿರುಗ್ತಾ ಇದೆ, ಕೆಳಗೆ ನಾಲ್ಕನೇ ಬ್ಲಾಕಿನ ಬಸ್ಸುಗಳ ಹಾರನ್ನು, ನನಗೆ ಈ ಪಾಠ ಮೊದಲೇ ಬರ್ತಿತ್ತಲ್ಲ ಮೇಡಂ, ನೀವು ಇನ್ನೂ ಲಂಗ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದ ಕಾಲಕ್ಕೇ ಬರ್ತಿತ್ತು, ಬರ್ತಿದ್ದನ್ನ ನಾನೇ ಬಿಟ್ಟೆ.

ಇಲ್ಲೇ ಪಕ್ಕದ ಸಿದ್ದಾಪುರದಲ್ಲಿ ನನ್ನ ಹಮಾಮಿತ್ತು, ಹಂಡೆಯಲ್ಲಿ ನೀರು ಕಾಯಿಸಿ ಗಂಡಸರಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸೋ ಮನೆ, ಮುಂದುಗಡೆ ಸ್ನಾನ, ಪರದೆ ಹಿಂದೆ ನಮ್ಮಂಥ ಹಿಜಡಾಗಳ ಹೊಟ್ಟೆಪಾಡು, ಹಿತ್ತಲಲ್ಲಿ ಸೌದೆ ರಾಶಿ, ಸೌದೆ ಪಕ್ಕ, ಬಾಗಿಲಿಗೆ ಅಂಟಿದ ಹಾಗೆ, ಒಂದು ಚಪ್ಪಡಿ ಕಲ್ಲು, ನನ್ನನ್ನ ಗುರು ಅಂತ ಒಪ್ಪಿ ಬಂದ ಐದು ಜನ ಚೇಲಾಗಳು, ಎಲ್ಲರೂ ಪಂಕಜಮ್ಮ ಅನ್ನೋರು, ಜಯಾ ಒಬ್ಬಳು ಮಾತ್ರ ಯವ್ವಾ ಅನ್ನೋಳು. ಗಂಗಾವತಿ ಕಡೆಯಿಂದ ಬಂದೋಳು, ಮನೇಲಿ ಬಸವಂತ ಅಂತ ಹೆಸರಿಟ್ಟಿದ್ರಂತೆ, ಅಪ್ಪ ಬಾರುಕೋಲಲ್ಲಿ ಹೊಡೆದ ಗೆರೆ ಬೆನ್ನ ಮೇಲೆ ಹಾಗೇ ಇತ್ತು, ಎಣ್ಣೆ ಹಚ್ಚುವಾಗ ನನ್ನ ಬೆರಳಿಗೆ ಸಿಗೋದು. ಬಂದ ಮೊದಲ ವಾರಾನೇ ಪ್ಯಾಕೆಟ್ ಸಾರಾಯಿ ಕುಡಿದು ಬಂದಳು, ಮೂಲೆ ಹಲ್ಲಲ್ಲಿ ಕಚ್ಚಿ ತುಂಡನ್ನ ತೂ ಅಂತ ಉಗಿದು ಒಂದೇ ಸಲಕ್ಕೆ ಹೀರೋಳು, ಹೋದ ವರ್ಷ ಸರ್ಕಾರ ಆ ಪ್ಯಾಕೆಟ್ಟನ್ನೇ ನಿಲ್ಲಿಸ್ತು, ಎಂಟು ವರ್ಷ ಮೊದಲೇ ನಿಲ್ಲಿಸಬಾರದಿತ್ತಾ, ಇಲ್ಲ, ತಪ್ಪನ್ನ ಪ್ಯಾಕೆಟ್ ಮೇಲೆ ಯಾಕೆ ಹಾಕಲಿ, ನಾನು ಆವಾಗ ಬೈಯಲಿಲ್ಲ, ಚಾಪೆ ಹಾಕಿದೆ. ಕುಡಿಯೋದಿದ್ರೆ ಈ ಚಾಪೆ ಮೇಲೆ ಕೂತು ನನ್ನ ಕಣ್ಣೆದುರಿಗೆ ಕುಡಿ, ಮುದ್ದೆ ತಿಂದು ಕುಡಿ, ನೀರು ಬೆರೆಸಿ ಕುಡಿ, ಮಲಗಿದ್ರೆ ನಾನೇ ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ದಿಂಬು ಒತ್ತಿ ಕೊಡ್ತಿದ್ದೆ, ವಾಂತಿ ಬಂದ್ರೆ ಪಕ್ಕಕ್ಕೆ ಹೋಗಲಿ ಅಂತ, ಅದನ್ನ ನನಗೆ ನನ್ನ ಗುರು ಹೇಳಿಕೊಟ್ಟಿದ್ದು, ಅವಳಿಗೆ ಯಾರು ಹೇಳಿಕೊಟ್ಟರೋ. ಆ ಕಾಯಿಲೆ ಬಂದ ಕಾಲ ಅದು, ನಿರೋಧ್ ಹಂಚೋಕೆ ಸಂಘದವರು ಚೀಲ ಹಿಡಕೊಂಡು ಬರೋರು, ಎಲ್ಲರೂ ಇಸ್ಕೊಳ್ಳೋರು, ಕುಡಿದ ಮೇಲೆ ಎಲ್ಲಿಟ್ಟೆ ಅಂತಲೇ ಮರೆಯೋರು, ಅದಕ್ಕೆ ನಾನೊಂದು ಮಾತು ಕಟ್ಟಿದೆ, ಮೊದಲು ಗಂಟು, ಆಮೇಲೆ ಗುಟುಕು, ಸೆರಗಿನ ತುದೀಲಿ ನಿರೋಧ್ ಗಂಟು ಹಾಕಿ ನನಗೆ ತೋರಿಸಿದ ಮೇಲೇನೇ ಬಾಯಿಗೆ ಇಟ್ಕೋಬೇಕು, ಬಟ್ಟೆ ಬಿಚ್ಚುವಾಗ ಗಂಟು ಕೈಗೆ ತಗುಲುತ್ತೆ, ಎಷ್ಟು ಅಮಲಿದ್ರೂ ನೆನಪಾಗುತ್ತೆ. ಜಯಾ ಗಂಟು ಹಾಕಿ ಸೆರಗನ್ನ ನನ್ನ ಮೂಗಿನ ಹತ್ತಿರ ಅಲ್ಲಾಡಿಸೋಳು, ನೋಡವ್ವಾ, ಮದುವಿ ಗಂಟು, ಗಂಡ ಮಾತ್ರ ಇನ್ನೂ ಹುಟ್ಟಿಲ್ಲ.

ಅಷ್ಟೇ ಇತ್ತು, ಚಾಪೆ, ಮುದ್ದೆ, ಗಂಟು, ದಿಂಬು, ಅಷ್ಟರಲ್ಲೇ ಮೂರು ವರ್ಷ ಎಲ್ಲರೂ ಬದುಕಿದ್ರು. ಆಮೇಲೆ ತೊಂಬತ್ತೆಂಟರಲ್ಲಿ ಆ ಐದು ಜನದಲ್ಲಿ ಒಬ್ಬಳು, ನಮ್ಮ ಸತ್ಯಭಾಮಾ, ಹೋದಳು, ಅದೇ ಕಾಯಿಲೆ, ಅರವತ್ತು ಕೆಜಿ ಇದ್ದೋಳು ಕೊನೇಲಿ ಎತ್ತಿಕೊಂಡ್ರೆ ಒಂದು ಒಣಗಿದ ಸೀರೆ ಎತ್ತಿಕೊಂಡ ಹಾಗಿದ್ದಳು, ನಾನು ಹೆದರಿಬಿಟ್ಟೆ, ಹೆದರಿದೋರಿಗೆ ತಾಳ್ಮೆ ಎಲ್ಲಿಂದ ಬರಬೇಕು. ದೀಪಾವಳಿ ಎರಡನೇ ದಿನ ಜಯಾ ತೂರಾಡ್ತಾ ಬಂದಳು, ಗಂಟು ಹಾಕೇ ಇರಲಿಲ್ಲ, ಸೆರಗಿಗೆ ಕೈ ಹಾಕಿ ನೋಡಿದೆ, ಖಾಲಿ, ಯಾಕೇ ಅಂದೆ, ಅಳ್ತಾ ಅಂದಳು, ಕುಡಿದ್ರ ನೆನಪಿರಂಗಿಲ್ಲ ಯವ್ವಾ, ಕುಡೀದಿದ್ರ ಅವರ ಮುಂದ ನಿಲ್ಲಾಕ ಆಗಂಗಿಲ್ಲ. ಆ ಮಾತು ಕೇಳಿಸ್ಕೊಂಡೆ, ಕೇಳಿಸ್ಕೊಂಡು ಏನು ಮಾಡಿದೆ, ಅವಳನ್ನ ಪಕ್ಕದಲ್ಲಿ ಕೂರಿಸ್ಕೋಬೇಕಿತ್ತು, ನಾಲ್ಕು ದಿನ ಕೆಲಸ ಬಿಡು ಅನ್ನಬೇಕಿತ್ತು, ಬದಲಿಗೆ ಚಾಪೆ ಸುತ್ತಿ ಒಲೆಗೆ ಹಾಕಿದೆ, ಅವಳ ಕೈ ಎಳೆದು ನನ್ನ ನೆತ್ತಿ ಮೇಲೆ ಇಟ್ಟುಕೊಂಡೆ, ಆಣೆ ಮಾಡು, ಇನ್ನು ಕುಡಿದು ಈ ಮನೆ ಹೊಸ್ತಿಲು ದಾಟಲ್ಲ ಅಂತ ನನ್ನ ತಲೆ ಮೇಲೆ ಆಣೆ ಮಾಡು, ತಪ್ಪಿದ್ರೆ ಈ ತಲೆ ಒಡೆದು ಹೋಗಲಿ. ಅವಳ ಅಮಲು ಆ ಕ್ಷಣಕ್ಕೇ ಇಳೀತು, ಬ್ಯಾಡವ್ವಾ, ನಿನ್ನ ತಲಿ ಮ್ಯಾಲ ಬ್ಯಾಡ, ನನಗ ನೀ ಬಿಟ್ರ ಯಾರದಾರ, ಅಂತ ಕೈ ಕಿತ್ಕೊಳ್ಳೋಕೆ ನೋಡಿದಳು, ನಾನು ಬಿಡಲಿಲ್ಲ, ಹೇಳಿಸಿದೆ, ಮೂರು ಸಲ ಹೇಳಿಸಿದೆ. ಕುಡಿಯಲ್ಲ ಅಂತ ಹೇಳಿಸಲಿಲ್ಲವಲ್ಲ ನಾನು, ಹೊಸ್ತಿಲು ದಾಟಲ್ಲ ಅಂತ ಹೇಳಿಸಿದೆ, ಕೋಪದಲ್ಲಿ ಬಾಯಿಗೆ ಬಂದ ಮಾತು, ಅವಳು ಅದನ್ನ ಅಕ್ಷರಕ್ಕೆ ಅಕ್ಷರ ಹಿಡಕೊಂಡಳು — ಮೇಡಂ ಏನೋ ಕೇಳ್ತಾ ಇದಾರೆ, ಎಲ್ಲರೂ ತಲೆ ಆಡಿಸ್ತಾರೆ, ನಾನೂ ಆಡಿಸ್ತೀನಿ — ಆಮೇಲೆ ತಿಂಗಳುಗಟ್ಟಲೆ ಅವಳ ಬಾಯಿಂದ ವಾಸನೆ ಬರಲಿಲ್ಲ, ಕೆಲವು ದಿನ ಮನೆಗೆ ಬರ್ತಿರಲಿಲ್ಲ, ಬಿಟಿಎಂ ಲೇಔಟಲ್ಲಿ ಗೆಳತಿ ರೂಮಲ್ಲಿ ಇದ್ದೆ ಅನ್ನೋಳು, ನಾನು ನಂಬಿದೆ, ನಂಬಿದ್ದಷ್ಟೇ ಅಲ್ಲ, ಮೆರೆದೆ, ನೋಡ್ರೇ, ಚಾಪೆ ಹಾಕಿ ಮುದ್ದೆ ಹಾಕಿ ಸಾಕಿದ್ದಾಗ ಬಿಡದೋಳು ಒಂದು ಆಣೆಗೆ ಬಿಟ್ಟಳು ಅಂತ ಮಿಕ್ಕ ಮೂರು ಜನಕ್ಕೂ ಹೇಳಿದೆ. ಸಂಕ್ರಾಂತಿ ಹಿಂದಿನ ದಿನ ಬೆಳಿಗ್ಗೆ ಸೌದೆಗೆ ಅಂತ ಹಿತ್ತಲ ಬಾಗಿಲು ತೆಗೆದರೆ ಆ ಚಪ್ಪಡಿ ಮೇಲೆ ಮುದುಡಿ ಮಲಗಿದ್ದಳು, ಏನೇ ಇದು ಅಂದೆ, ಸೆಖಿ ಯವ್ವಾ, ಗಾಳಿಗೆ ಮಲಗಿದ್ದೆ ಅಂದಳು, ಸಂಕ್ರಾಂತಿ ಚಳಿಗೆ ನನ್ನ ಹಲ್ಲು ಕಟಕಟ ಅಂತಿತ್ತು, ಅವಳ ತುಟಿ ನೀಲಿ, ಸೆಖೆ ಅಂದಳು, ನಾನು ಸರಿ ಅಂದೆ, ಸರಿ ಅಂತ ಸೌದೆ ಎತ್ತಿಕೊಂಡು ಒಳಗೆ ಬಂದೆ, ಹಂಡೆಗೆ ಉರಿ ಹಾಕಿದೆ, ನನ್ನ ಕಣ್ಣಿಗೆ ಏನು ಬಡಿದಿತ್ತು.

ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಹಮಾಮು ಮುಚ್ಚಿದ್ದೆವು, ಚೇಲಾಗಳೆಲ್ಲ ಅಂಗಡಿ ಅಂಗಡಿಗೆ ಹರಸೋಕೆ ಹೋಗಿದ್ರು, ಹಾಲು ಪಾಯಸ ಕುಡಿದು ನನಗೆ ಮಧ್ಯಾಹ್ನ ಜೋಂಪು ಹತ್ತಿತ್ತು, ಅಡುಗೆಮನೆ ನೆಲದ ಮೇಲೇ ಮಲಗಿದೆ, ಹಿತ್ತಲ ಬಾಗಿಲಿಗೆ ಹತ್ತು ಹೆಜ್ಜೆ ಇಲ್ಲ, ನಿದ್ದೇಲಿ ಏನೋ ಕೇಳಿಸಿತ್ತು, ಕೆಮ್ಮಿದ ಹಾಗೆ, ಬೆಕ್ಕು ಅಂದುಕೊಂಡು ಮಗ್ಗುಲು ಬದಲಿಸಿದೆ, ನಾನು ಮಗ್ಗುಲು ಬದಲಿಸಿದೆ. ನಾಲ್ಕು ಗಂಟೆಗೆ ಎದ್ದು ಬಾಗಿಲು ತೆಗೆದರೆ ಬಿಸಿಲು ಕಣ್ಣಿಗೆ ಹೊಡೀತು, ಆಮೇಲೆ ಜಯಾ ಕಂಡಳು, ಅದೇ ಚಪ್ಪಡಿ ಮೇಲೆ, ಅಂಗಾತ, ಬಾಯಿ ತುಂಬ, ಕತ್ತಿನ ತುಂಬ ವಾಂತಿ, ನೊಣ, ಹೊಸ ಹಸಿರು ಸೀರೆ ಉಟ್ಟಿದ್ದಳು, ರವಿಕೆ ಒಳಗೆ ನಿದ್ದೆ ಮಾತ್ರೆ ಹಾಳೆ, ಎಂಟರಲ್ಲಿ ಮೂರು ಉಳಿದಿತ್ತು, ಸೆರಗಿನ ತುದೀಲಿ ಗಂಟು, ಬಿಗಿಯಾಗಿ ಕಟ್ಟಿದ್ದಳು, ಗುಟುಕಿಗೆ ಮೊದಲೇ ಕಟ್ಟಿದ್ದಳು, ಒಂದು ಕೈ ಮನೆ ಕಡೆಗೆ ಚಾಚಿತ್ತು, ಅಂಗೈ ಮೇಲ್ಮುಖ, ಬೆರಳ ತುದಿಗೂ ಹೊಸ್ತಿಲಿಗೂ ನಡುವೆ ಒಂದು ಗೇಣು. ಹೊರಳಿಸಿದೆ, ಆವಾಗ ಹೊರಳಿಸಿದೆ, ಬೆನ್ನಿಗೆ ದಿಂಬಿನ ಹಾಗೆ ನನ್ನ ಮಂಡಿ ಕೊಟ್ಟೆ, ಬಾಯಿಗೆ ಬೆರಳು ಹಾಕಿ ತೆಗೆದೆ, ಆಟೋದಲ್ಲಿ ಮಡಿಲಲ್ಲಿ ಹಾಕ್ಕೊಂಡು ಹೋದೆ, ಡಾಕ್ಟ್ರು ಒಳ್ಳೆಯವರು, ಮೆತ್ತಗೆ ಕೇಳಿದ್ರು, ಜೊತೇಲಿ ಯಾರೂ ಇರಲಿಲ್ವಾಮ್ಮಾ, ಸ್ವಲ್ಪ ಮಗ್ಗುಲಿಗೆ ತಿರುಗಿಸಿದ್ದಿದ್ರೂ ಸಾಕಿತ್ತು. ಇದ್ದೆ ಸಾರ್ ಅಂದೆ, ಅವರಿಗೆ ಅರ್ಥ ಆಗಲಿಲ್ಲ. ಹನ್ನೊಂದನೇ ದಿನ ಸಾರಾಯಿ ಅಂಗಡಿ ಪಿಳ್ಳಪ್ಪ ತಾನಾಗಿ ಬಂದು ಹೊರಗೇ ನಿಂತ, ಟವಲ್ಲು ಹಿಂಡ್ತಾ ಅಂದ, ಪಂಕಜಮ್ಮ, ನಿಮ್ಮ ಹುಡುಗಿ ಕುಡಿದ ದಿನ ಮನೆಗೆ ಹೋಗು ಅಂದ್ರೆ ಹೋಗ್ತಿರಲಿಲ್ಲ, ಒಳಗ ಹೋಗಂಗಿಲ್ಲಣ್ಣ, ಯವ್ವನ ತಲಿ ಮ್ಯಾಲ ಆಣಿ ಐತಿ, ಹಿತ್ತಲಾಗ ಮಲಗಿದ್ರ ಆಕಿ ಕೆಮ್ಮೋದಾದ್ರೂ ಕೇಳತೈತಿ ಅನ್ನೋಳು. ನನ್ನ ಕೆಮ್ಮು ಕೇಳೋಕೆ ಅಲ್ಲಿ ಮಲಗೋಳು, ಅವಳ ಕೆಮ್ಮು ನನಗೆ ಬೆಕ್ಕು — ಅಮ್ಮ, ಪಂಕಜಮ್ಮ, ನೀವು ಹಿರಿಯರು, ಮುಂದೆ ಬಂದು ಒಂದ್ಸಲ ಮಾಡಿ ತೋರಿಸ್ತೀರಾ, ಹಂಸಾ ಮೇಡಂ ಕೈ ಚಾಚಿದಾರೆ, ಎಲ್ಲರೂ ಚಪ್ಪಾಳೆ ಹೊಡೀತಾರೆ, ಏಳ್ತೀನಿ, ಮಂಡಿ ಲಟಕ್ ಅನ್ನುತ್ತೆ, ಜಮಖಾನದ ಪಕ್ಕ ಕೂರ್ತೀನಿ, ಕಚಗುಳಿ ಇಡಬೇಡಿ ಅಮ್ಮಾ ಅಂತ ಸೀನ ಕಣ್ಣು ಮುಚ್ಚಿಕೊಂಡೇ ಪಿಸುಗುಡ್ತಾನೆ, ಬೆಚ್ಚಗಿದಾನೆ, ಉಸಿರಾಡ್ತಾ ಇದಾನೆ, ಭುಜ ಹಿಡೀಬೇಕು, ಮಂಡಿ ಮಡಿಸಬೇಕು, ನನ್ನ ಕಡೆಗೆ ಎಳ್ಕೋಬೇಕು, ಗೊತ್ತು, ಎಲ್ಲ ಗೊತ್ತು, ಅವನ ಕೈ ಜಮಖಾನದ ಅಂಚು ದಾಟಿ ನೆಲದ ಮೇಲೆ ಬಿದ್ದಿದೆ, ಎಳೀರಿ ಅಮ್ಮ ಅಂತಾರೆ, ನನ್ನ ಕೈ ಏಳ್ತಿಲ್ಲ, ಅಂಗೈ ಮೇಲ್ಮುಖ, ಬಿಸಿಲು ಬಿದ್ದ ಅಂಗೈ, ಬೆರಳು ಒಂದಿಷ್ಟು ಮಡಿಸಿದ ಹಾಗೆ, ಅಲ್ಲಿಂದ ಹೊಸ್ತಿಲಿಗೆ ಒಂದು ಗೇಣು, ನಾನು ಆಮೇಲೆ ಇಟ್ಟು ನೋಡಿದೀನಿ, ಹೆಬ್ಬೆರಳು ಇಲ್ಲಿ, ಕಿರುಬೆರಳು ಅಲ್ಲಿ, ಒಂದು ಗೇಣು, ಒಂದೇ ಗೇಣು —