ಹದಿನೇಳನೇ ತಳಿಯ ಆರು ಕುಂಡ

ಬೆಂಚಿನ ಈ ತುದಿ ಹಿರುತ್‌ಳ ಕೈಯಲ್ಲಿತ್ತು, ಆ ತುದಿ ಕಾವಲುಗಾರ ನೆಗಾಶ್‌ನ ಕೈಯಲ್ಲಿ. ಇಬ್ಬರೂ ಅಡ್ಡಡ್ಡ ಹೆಜ್ಜೆಯಿಡುತ್ತ ಇಳಿಜಾರು ಇಳಿಯುತ್ತಿದ್ದರು. ಕೆಳಗೆ, ತೀರಿಕೊಂಡ ಶಿಬ್ರುವಿನ ಮನೆಯ ಅಂಗಳದಲ್ಲಿ ಸಾವಿನ ಡೇರೆಯ ಕಂಬ ನಿಲ್ಲಿಸುತ್ತಿದ್ದರು. ಅರ್ಧ ದಾರಿಯಲ್ಲಿ ನೆಗಾಶ್ ನಿಂತುಬಿಟ್ಟ.

"ಒಂದ್ ಮಾತು ಡಾಕ್ಟ್ರೆ. ಹೆಣ ಎತ್ತೋಕೆ ಮುಂಚೆ ಹೇಳಿದ್ರೆ ಪಾಪ. ಎತ್ತಿದ ಮೇಲೆ ಹೇಳಿದ್ರೆ, ಮೊದ್ಲೇ ಯಾಕೆ ಬೊಗಳಲಿಲ್ಲ ಅಂತ ನೀವೇ ಬೈತೀರಿ."

"ಬೆಂಚು ಭಾರ ಇದೆ ನೆಗಾಶ್. ಹೇಳೋದಿದ್ರೆ ಹೇಳು." ಇಬ್ಬರೂ ಬೆಂಚು ಕೆಳಗಿಟ್ಟರು.

"ಬೇಸಗೇಲಿ ನೀವು ಸಸಿಗಳಿಗೆ ನೀರು ನಿಲ್ಸಿದ್ರಲ್ಲ, ಆಗ ಗಾಶೆ ಶಿಬ್ರು ದಿನಾ ಬೆಳಗ್ಗೆ ನೆರಳುಮನೆಗೆ ಬರೋವಾಗ ಶಾಲಿನೊಳಗೆ ಏನೋ ಇಟ್ಕೊಂಡು ಬರ್ತಿದ್ರು. ಮೂತಿ ಇರೋ ಪಾತ್ರೆ. ವಾಪಸ್ ಹೋಗೋವಾಗ ಅದು ಹಗುರ ಆಗಿರ್ತಿತ್ತು."

"ಹಗುರ ಅಂತ ನಿಂಗೆ ಹೇಗೆ ಗೊತ್ತು?"

"ಬರೋವಾಗ ಎರಡು ಕೈ. ಹೋಗೋವಾಗ ಒಂದೇ ಕೈ."

ನೆಗಾಶ್ ಬೆಂಚನ್ನು ಮತ್ತೆ ಎತ್ತಿದ. ಹಿರುತ್‌ಗೆ ತನ್ನ ತುದಿ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು.

ಕಾಫಿ ಸಂಶೋಧನಾ ಕೇಂದ್ರದ ನೆರಳುಮನೆಯಲ್ಲಿ ಹಿರುತ್‌ಳ ನೂರಿಪ್ಪತ್ತು ಕುಂಡಗಳಿದ್ದವು. ಇಪ್ಪತ್ತು ಕಾಫಿ ತಳಿ, ಒಂದೊಂದಕ್ಕೆ ಆರು ಕುಂಡ. ಯಾವ ತಳಿ ಬರ ತಾಳುತ್ತದೆ ಎಂದು ನೋಡಲು ಇಪ್ಪತ್ತೆಂಟು ದಿನ ಯಾವುದಕ್ಕೂ ಒಂದು ಹನಿ ನೀರಿಲ್ಲ. ದಿನವೂ ಬೆಳಕು ಹರಿಯುವ ಹೊತ್ತಿಗೆ ಅವಳ ಸಹಾಯಕ ಶಿಬ್ರು, ಕಿರಿಯರೆಲ್ಲ ಗೌರವದಿಂದ ಗಾಶೆ ಎನ್ನುತ್ತಿದ್ದವನು, ಹೋಗಿ ಎಲೆ ಎಷ್ಟು ಮುದುಡಿದೆ, ಎಷ್ಟು ಜೋತಿದೆ ಎಂದು ಒಂದರಿಂದ ಐದರವರೆಗೆ ಅಂಕ ಹಾಕುತ್ತಿದ್ದ. ಹತ್ತೊಂಬತ್ತು ತಳಿಗಳು ಒಂದರ ಹಿಂದೊಂದು ತಲೆ ಬಾಗಿಸಿದವು. ಹದಿನೇಳನೆಯದು ಮಾತ್ರ ಕೊನೆಯ ದಿನವೂ ಎಲೆ ಚಾಚಿಕೊಂಡೇ ನಿಂತಿತ್ತು. ಇನ್ನು ಎರಡು ವಾರಕ್ಕೆ ಸಮಿತಿ ಬಂದು ಹದಿನೇಳಕ್ಕೆ ಒಪ್ಪಿಗೆಯ ಮುದ್ರೆ ಒತ್ತಬೇಕಿತ್ತು. ಆಮೇಲೆ ಅದರ ಸಸಿಗಳು ಮಳೆ ಕೈಕೊಡುತ್ತಿರುವ ತಗ್ಗಿನ ಸೀಮೆಯ ನಾಲ್ಕು ಸಾವಿರ ಮನೆಗಳಿಗೆ ಹೋಗುತ್ತವೆ. ಅವರು ಹಳೆಯ ಗಿಡ ಕಿತ್ತು ಇದನ್ನು ನೆಡುತ್ತಾರೆ.

ನೆಗಾಶ್‌ನ ಮಾತು ನಂಬುವಂಥದ್ದಲ್ಲ. ಎರಡು ವರ್ಷದ ಹಿಂದೆ ಅವನು ಕಾವಲಿನ ಹೊತ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದುದನ್ನು ಕಚೇರಿಗೆ ತಿಳಿಸಿದವನೇ ಶಿಬ್ರು. ಆದರೆ ಎರಡು ಕೈ, ಒಂದು ಕೈ ಎನ್ನುವುದನ್ನು ಯಾರಾದರೂ ಕೂತು ಕಟ್ಟುತ್ತಾರೆಯೇ?

ಡೇರೆಯ ಬಾಯಲ್ಲಿ ಚೆರ್ನೆಟ್ ನಿಂತಿದ್ದ. ಊರಿನ ಸಾವುಗಳನ್ನೆಲ್ಲ ಹೊತ್ತು ನಡೆಸುವ ಸಂಘ ಇಡಿರ್. ಅದಕ್ಕೆ ಅವನೇ ಯಜಮಾನ. ಹಾಜರಿ ಪುಸ್ತಕ ಕಂಕುಳಲ್ಲಿತ್ತು.

"ಇಪ್ಪತ್ತಾರು ವರ್ಷದಲ್ಲಿ ಶಿಬ್ರು ಒಂದು ಸಾವಿಗೂ ತಪ್ಪಿಸ್ಕೊಂಡಿಲ್ಲ," ಎಂದ ಅವನು, ಯಾರಿಗೆಂದಿಲ್ಲದೆ. "ಇವತ್ತೊಂದಿನ ತಡ. ಪ್ರಾರ್ಥನೆ ಮುಗಿಸಿ ಪಾದ್ರಿಗಳು ಇನ್ನೂ ಬಿಟ್ಟಿಲ್ಲ." ಆಮೇಲೆ ಹಿರುತ್‌ಳನ್ನು ಮೇಲಿಂದ ಕೆಳಗೆ ನೋಡಿದ. "ಡಾಕ್ಟ್ರಮ್ಮ ತಾವೇ ಬೆಂಚು ಹೊರ್ತಿದ್ದೀರಾ? ಸಂಶೋಧನೆಯವರು ಈ ಮನೆಗೆ ಬಂದ್ರೆ ಏನಾದ್ರೂ ಒಯ್ಯೋಕೆ ಬರೋದು. ತರೋದು ಇದೇ ಮೊದಲು."

ಬಿಳಿ ಶಾಲು ಹೊದ್ದ ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಹಿರುತ್ ಅವರ ನಡುವೆ ಜಾಗ ಮಾಡಿಕೊಂಡು ಕೂತಳು. ಹಿಂದಿನಿಂದ ಪಿಸುಮಾತು ಕೇಳಿಸಿತು.

"ಇವಳ್ಯಾಕೆ ಅಳ್ತಿಲ್ಲ?"

"ಡಾಕ್ಟ್ರುಗಳು ಅಳಲ್ಲ ಕಣೆ. ಬರ್ಕೋತಾರೆ."

*

ಒಂಬತ್ತು ವರ್ಷದ ಹಿಂದೆ ಅವಳು ರಾಜಧಾನಿ ಅಡಿಸ್‌ನಿಂದ ಹೊಸದಾಗಿ ಬಂದಿದ್ದಳು. ಮಳೆ ಬಿದ್ದು ಒಂಬತ್ತನೇ ದಿನ. ಮೊಗ್ಗುಗಳು ಮೇಣದಬತ್ತಿಯಂತೆ ಬೆಳ್ಳಗೆ ಉಬ್ಬಿದ್ದವು, ಮರುದಿನ ಅರಳುವಂಥವು. ಅರಳಿದರೆ ಕೆಟ್ಟಿತು, ಗಿಡ ತನ್ನ ಪರಾಗವನ್ನು ತಾನೇ ಸುರಿದುಕೊಂಡುಬಿಡುತ್ತದೆ. ಶಿಬ್ರು ಉಗುರು ಕತ್ತರಿಯಷ್ಟೇ ದೊಡ್ಡ ಕತ್ತರಿ ಹಿಡಿದು ಒಂದೊಂದೇ ಮೊಗ್ಗಿನ ಎಸಳು ಬಿಡಿಸಿ, ಒಳಗಿನ ಕೇಸರಗಳನ್ನು ಕಿತ್ತು, ಕೊಂಬೆಗೆ ಬಟ್ಟೆಯ ಚೀಲ ಕಟ್ಟುತ್ತಿದ್ದ. ಮರುದಿನ ಕಾಡಿನ ಗಿಡದ ಪರಾಗ ತಂದು ಅದೇ ಮೊಗ್ಗುಗಳಿಗೆ ತಾಗಿಸಬೇಕು. ಹಿರುತ್ ಆ ಹೊತ್ತಿಗೆ ಮೂರು ಮೊಗ್ಗು ಹಾಳು ಮಾಡಿದ್ದಳು.

"ಮೆಲ್ಲಗೆ ಮಾತಾಡಿ," ಎಂದ ಶಿಬ್ರು. "ಇದು ನನ್ನ ಹೆಂಡ್ತಿ ತವರಿನ ಗಿಡ. ಹರಾರ್ ಬೆಟ್ಟದ್ದು. ಆ ಕಡೆಯವರಿಗೆ ಕೋಪ ಜಾಸ್ತಿ, ನೀರು ಕಮ್ಮಿ."

"ಗಿಡಕ್ಕೂ ಕೋಪ ಬರುತ್ತಾ ಗಾಶೆ?"

"ಬಂದಿದ್ದಕ್ಕೇ ಅಲ್ವಾ, ಅಂಥ ಕಲ್ಲಲ್ಲಿ ಬದುಕಿರೋದು?"

ಆ ಕೊಂಬೆಯ ಕಾಯಿಗಳಿಂದ ಹುಟ್ಟಿದ್ದು ಹದಿನೇಳನೇ ತಳಿ.

*

ಪಾದ್ರಿಗಳು ಬಿಟ್ಟಾಗ ಸೂರ್ಯ ನೆತ್ತಿ ದಾಟಿದ್ದ. ಗಂಡಸರು ಹೆಗಲು ಬದಲಿಸುತ್ತ ಶಿಬ್ರುವನ್ನು ಇಗರ್ಜಿಯ ಗುಡ್ಡಕ್ಕೆ ಹೊತ್ತರು. ನೆಗಾಶ್ ಎಲ್ಲರಿಗಿಂತ ಹೆಚ್ಚು ದೂರ ಹೆಗಲು ಕೊಟ್ಟ. ಹಿರುತ್ ಅವನ ಬೆನ್ನನ್ನೇ ನೋಡುತ್ತ ನಡೆದಳು. ಸುಳ್ಳು ಹೊರಿಸಿದ್ದಕ್ಕೆ ಈಗ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾನೋ, ಅಥವಾ ನಿಜ ಹೇಳಿದ ಸಂಕಟಕ್ಕೋ? ಅವಳ ಪಕ್ಕದಲ್ಲಿ ಚೆರ್ನೆಟ್ ಏದುಸಿರು ಬಿಡುತ್ತಿದ್ದ.

"ಶಿಬ್ರು ಗಾಶೆ ಹೇಗೆ ಮನುಷ್ಯ?" ಎಂದು ಕೇಳಿದಳು. ಕೇಳಿದ ಮೇಲೆ ನಾಚಿಕೆಯಾಯಿತು.

ಚೆರ್ನೆಟ್ ನಿಂತ. "ಒಂಬತ್ತು ವರ್ಷ ಜೊತೇಲಿ ದುಡಿದವರು ನೀವು. ಹೂಳೋ ದಿನ ನನ್ನ ಕೇಳ್ತೀರಾ?"

"ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋ ಮುಖ ಅಲ್ಲ ನಿಮ್ದು." ಎರಡು ಹೆಜ್ಜೆ ನಡೆದು ಮತ್ತೆ ಹೇಳಿದ: "ಸಂಘದ ಬಟ್ಟಲು ತೊಳೆಯೋ ಸರದಿ ಬಂದ್ರೆ ಒಡೆದ ಬಟ್ಟಲನ್ನ ಬಚ್ಚಿಡದೆ ತಂದು ತೋರಿಸ್ತಿದ್ದ. ಈ ಊರಲ್ಲಿ ಅಂಥೋನು ಅವನೊಬ್ಬ. ಮಿಕ್ಕವರೆಲ್ಲ ಚೂರುಗಳನ್ನ ಬಾಳೆ ಬುಡಕ್ಕೆ ಹಾಕ್ತಾರೆ. ನಾನೂ ಸೇರಿ."

*

ನೀರು ನಿಲ್ಲಿಸಿದ ಹನ್ನೊಂದನೇ ದಿನ, ಮಧ್ಯಾಹ್ನ, ಹೇಳದೆ ಕೇಳದೆ ಮಳೆ ಸುರಿದಿತ್ತು. ಗಾಳಿಗೆ ನೆರಳುಮನೆಯ ಪ್ಲಾಸ್ಟಿಕ್ ಛಾವಣಿ ಒಂದು ಮೂಲೆಯಲ್ಲಿ ಎದ್ದಿತು. ಹಿರುತ್ ಓಡಿ ಬಂದಾಗ ಶಿಬ್ರು ಬಾಗಿಲ ಬಳಿಯ ಸಾಲಿನ ಮೇಲೆ ತನ್ನ ದಪ್ಪ ಹೊದಿಕೆಯನ್ನು ಎರಡೂ ಕೈಯಿಂದ ಚಾಚಿ ಹಿಡಿದು ನಿಂತಿದ್ದ. ಗಡ್ಡದಿಂದ ನೀರು ಇಳಿಯುತ್ತಿತ್ತು. ಅದು ಕುಂಡಕ್ಕೆ ಬೀಳದಂತೆ ಕತ್ತನ್ನು ಹಿಂದಕ್ಕೆ ಚಾಚಿದ್ದ. ಮಳೆ ನಿಂತ ಮೇಲೆ ಒಂದೊಂದೇ ಕುಂಡದ ಮಣ್ಣು ಮುಟ್ಟಿ ನೋಡಿ ಹೇಳಿದ:

"ನಾಲ್ಕನೇ ತಳಿಯ ಮೂರು ಕುಂಡ ಲೆಕ್ಕಕ್ಕೆ ತಗೋಬೇಡಿ ಡಾಕ್ಟ್ರೆ. ಹನಿ ಬಿದ್ದಿದೆ."

"ನಾಲ್ಕು ಹನಿ ಗಾಶೆ. ಏನಾಗಲ್ಲ ಬಿಡಿ."

"ನೀರು ಅಂದ್ರೆ ನೀರು."

ಅವನೇ ಪುಸ್ತಕದಲ್ಲಿ ಆ ಮೂರರ ಮೇಲೆ ಗೆರೆ ಎಳೆದ. ಆ ಸಂಜೆಯಿಂದ ಹಿರುತ್ ನೆರಳುಮನೆಗೆ ದಿನವೂ ಹೋಗುವುದನ್ನು ಬಿಟ್ಟಳು. ಅಂಥವನು ಇದ್ದ ಮೇಲೆ ಕಾವಲೇಕೆ?

*

ಹೂಳಿ ಬಂದವರು ಬಾಗಿಲಲ್ಲಿ ಕೈ ತೊಳೆದು, ಬೇಯಿಸಿದ ಕಾಳನ್ನು ಬೊಗಸೆಯಲ್ಲಿ ಹಿಡಿದು ಬೆಂಚುಗಳ ಮೇಲೆ ಕೂತರು. ಡೇರೆಯ ಮೂಲೆಯಲ್ಲಿ ನೆರೆಯವಳೊಬ್ಬಳು ಕಾಫಿ ಬೀಜ ಹುರಿಯುತ್ತಿದ್ದಳು. ಹಿರುತ್ ಒಳಕೋಣೆಗೆ ಹೋದಳು. ಶಿಬ್ರುವಿನ ಹೆಂಡತಿ ಬೆಲೆಟು ನೆಲದ ಹಾಸಿಗೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಅತ್ತು ಅತ್ತು ಗಂಟಲು ಹೋಗಿತ್ತು. ಹಿರುತ್ ಪಕ್ಕದಲ್ಲಿ ಕೂತು ಕಪಾಟು, ಮೊಳೆಗೆ ನೇತುಹಾಕಿದ ಕೋಟು, ಮಂಚದಡಿಯ ಪಾತ್ರೆಗಳನ್ನು ನೋಡಿದಳು.

"ಏನು ಹುಡುಕ್ತಿದ್ದೀಯ ಮಗಳೆ?" ಎಂದಳು ಬೆಲೆಟು. "ಬೆಳಗ್ಗೆಯಿಂದ ನೋಡ್ತಿದ್ದೀನಿ. ನಿನ್ನ ಕಣ್ಣು ಈ ಮನೆಗೆ ಜಪ್ತಿಗೆ ಬಂದ ಹಾಗಿದೆ."

ಹಿರುತ್ ಸುತ್ತ ಇದ್ದ ಹೆಂಗಸರನ್ನು ನೋಡಿದಳು. ಬೆಲೆಟು ಕೈ ಬೀಸಿ ಅವರನ್ನು ಆಚೆಗೆ ಕಳಿಸಿದಳು. ಹೋಗುವವರು ತಿರುಗಿ ತಿರುಗಿ ನೋಡುತ್ತ ಹೋದರು.

"ಎತಿಯೆ," ಎಂದಳು, ಅಕ್ಕ ಎನ್ನುವ ಗೌರವದಿಂದ. "ತಪ್ಪು ತಿಳೀಬೇಡಿ. ನೀರು ನಿಲ್ಸಿದ ದಿನಗಳಲ್ಲಿ ಗಾಶೆ ಬೆಳಗ್ಗೆ ಏನಾದ್ರೂ ಒಯ್ತಿದ್ರಾ?"

"ಯಾರು ಹೇಳಿದ್ದು? ಆ ಗೊರಕೆ ನೆಗಾಶಾ?"

"ಗಿಡಕ್ಕೆ ನೀರು ಹಾಕ್ತಿದ್ರಾ ಅಂತ..."

ಬೆಲೆಟುವಿನ ಬಾಯಿಂದ ಕೆಮ್ಮಿನಂಥದೊಂದು ಸದ್ದು ಬಂತು. ಅದು ನಗು ಎಂದು ಹಿರುತ್‌ಗೆ ತಿಳಿಯಲು ಒಂದು ಕ್ಷಣ ಬೇಕಾಯಿತು.

"ನೀರಾ? ಅವರಾ? ಮುಖ ತೊಳೆದ ಕೈ ಒರೆಸ್ಕೊಳ್ದೆ ಆ ಬಾಗಿಲು ಮುಟ್ಟಿದವರಲ್ಲ. ಒಂದು ತೊಟ್ಟು ನೀರು ಹಾಕಿಲ್ಲ, ಬೇಕಾದ್ರೆ ದೇವಮಾತೆ ಮರಿಯಮ್ಮನವರ ಮೇಲೆ ಆಣೆ. ಕಾಫಿ ಒಯ್ತಿದ್ರು, ಅಷ್ಟೆ."

"ಕಾಫಿ."

"ಬೆಳಗ್ಗೆ ಮೂರು ಸುತ್ತು ಕಾಯಿಸ್ತೀನಲ್ಲ. ಮೊದಲೆರಡು ನಾವು ಕುಡೀತಿದ್ವಿ. ಮೂರನೇದು ಬೆರೆಕಾ, ಆಶೀರ್ವಾದದ ಸುತ್ತು. ಅದನ್ನ ಕುಡೀದೆ ಎದ್ದರೆ ಬಂದವರಿಗೂ ಒಳ್ಳೇದಲ್ಲ, ಮನೆಗೂ ಒಳ್ಳೇದಲ್ಲ. ಕಾಯಿಲೆಯವರು, ಬಾಣಂತಿಯರು, ಎದ್ದು ಬರಲಾರದವರಿಗೆ ನಾವೇ ಒಯ್ದು ಕೊಡ್ತೀವಿ. ನಿನ್ನ ಗಿಡಗಳು ಎದ್ದು ಬರ್ತಾವಾ? ಬಾಯಾರಿಸಿ ಕೂರಿಸಿದ್ದೀವಿ ಬೆಲೆಟು, ಆಶೀರ್ವಾದಾನೂ ತಪ್ಪಿಸಿದ್ರೆ ಹೇಗೆ ಅಂತಿದ್ರು."

ಹೊರಗೆ ಹುರಿದ ಬೀಜವನ್ನು ಕುಟ್ಟುವ ಸದ್ದು ಶುರುವಾಯಿತು. ಹಿರುತ್ ತನ್ನ ದನಿ ತನಗೇ ದೂರದಿಂದ ಬಂದಂತೆ ಕೇಳಿದಳು: "ಎಲ್ಲಾ ಕುಂಡಕ್ಕೂನಾ?"

"ಒಂದು ಹೂಜಿಯಲ್ಲಿ ಎಷ್ಟು ಹಿಡಿಯುತ್ತೆ? ಆರು ಬಟ್ಟಲು. ನನ್ನ ತವರಿನವೂ ಆರೇ ಇದ್ವಲ್ಲ." ಬೆಲೆಟು ಶಾಲಿನ ಅಂಚಿನಿಂದ ಮೂಗು ಒರೆಸಿಕೊಂಡಳು. "ಬೀಗರ ಉಪಚಾರ ಮುಗಿಸಿ ಬಂದೆ ಅಂತ ನಗ್ತಿದ್ರು."

ಒಂದು ಬಟ್ಟಲಿಗೆ ಎಪ್ಪತ್ತು ಮಿಲಿಲೀಟರ್. ಇಪ್ಪತ್ತೆಂಟು ದಿನ. ಕುಂಡಕ್ಕೆ ಹತ್ತಿರ ಹತ್ತಿರ ಎರಡು ಲೀಟರ್. ಹಿರುತ್‌ಗೆ ಬೇಡವೆಂದರೂ ಲೆಕ್ಕ ತಾನೇ ಆಗಿಹೋಯಿತು. ನಾಲ್ಕು ಹನಿಗೆ ಮೂರು ಕುಂಡ ಹೊಡೆದುಹಾಕಿದ ಮನುಷ್ಯ. ಅವನು ಸುಳ್ಳು ಹೇಳಿರಲಿಲ್ಲ, ಬಚ್ಚಿಟ್ಟೂ ಇರಲಿಲ್ಲ. ಬಿಸಿ ಆರದಿರಲೆಂದು ಶಾಲಿನೊಳಗೆ ಹಿಡಿದಿದ್ದ, ಅಷ್ಟೆ. ನೀವು ಕಾಫಿ ಹಾಕಿದ್ದೀರಾ ಎಂದು ಅವಳು ಯಾವತ್ತೂ ಕೇಳಿರಲಿಲ್ಲ.

ಇದು ಗೊತ್ತಿರುವವರು ತಾವಿಬ್ಬರೇ. ನೆಗಾಶ್ ಕಂಡಿದ್ದು ಬರೀ ಕೈಗಳನ್ನು, ಅವನ ಮಾತಿಗೆ ಬೆಲೆಯಿಲ್ಲ. ಹೊಸ ಸಸಿ ಬೆಳೆಸಿ ಮತ್ತೆ ಪರೀಕ್ಷೆ ಮಾಡಿದರೆ ಎರಡು ವರ್ಷ. ಸಮಿತಿ ಅಷ್ಟು ಕಾಯುವುದಿಲ್ಲ, ಕಡತ ಮುಚ್ಚುತ್ತದೆ. ಮೊಗ್ಗು, ಕತ್ತರಿ, ಒಂಬತ್ತು ವರ್ಷ ಎಲ್ಲ ಮಣ್ಣುಪಾಲು. ಅಲ್ಲದೆ ಹದಿನೇಳು ನಿಜವಾಗಿಯೂ ಗಟ್ಟಿಗಿಡವೇ ಇರಬಹುದು. ಇರಲೂಬಹುದಲ್ಲ!

ಅವಳು ಬೆಲೆಟುವಿನ ಮಂಡಿಯ ಮೇಲೆ ಕೈಯಿಟ್ಟಳು.

"ಎತಿಯೆ, ಈ ಮಾತು ಇಲ್ಲೇ ಇರಲಿ. ಯಾರು ಕೇಳಿದ್ರೂ ಏನೂ ಒಯ್ತಿರಲಿಲ್ಲ ಅನ್ನಿ. ನಾನು ಆ ತಳಿಗೆ ಗಾಶೆಯ ಹೆಸರನ್ನೇ ಇಡಿಸ್ತೀನಿ. ಶಿಬ್ರು ಕಾಫಿ. ಸಾವಿರಾರು ಜನ ನೆಡ್ತಾರೆ. ನಿಮ್ಮ ಹರಾರ್‌ಗೂ ಹೋಗುತ್ತೆ."

ಬೆಲೆಟುವಿನ ಕಣ್ಣು ಸಣ್ಣದಾಯಿತು.

"ಕಾಫಿ ಹಾಕಿದ್ದು ತಪ್ಪಾಯ್ತಾ?"

"ತಪ್ಪು ಅಂತಲ್ಲ..."

"ಆ ಬಟ್ಟಲು ಇಲ್ದೆ ಅವು ಬದುಕ್ತಿದ್ವಾ?"

"ಗೊತ್ತಿಲ್ಲ."

"ಗೊತ್ತಿಲ್ದೆ ಜನಕ್ಕೆ ಕೊಡ್ತೀಯ."

"ಬದುಕಬಹುದು ಎತಿಯೆ. ನಿಮ್ಮ ಬೆಟ್ಟದ ರಕ್ತ ಅದು."

"ನನ್ನ ಬೆಟ್ಟ ನಿನಗೇನು ಗೊತ್ತು?" ಬೆಲೆಟುವಿನ ಒಡೆದ ಗಂಟಲು ಒಮ್ಮೆಲೇ ಗಟ್ಟಿಯಾಯಿತು. "ಅಲ್ಲಿ ಸಸಿ ಕೊಟ್ಟವನ ಹೆಸರಿಂದ ಗಿಡಾನ ಕರೀತಾರೆ. ಫಲ ಬಿಟ್ಟಾಗ ಆ ಹೆಸರು ಯಾರಿಗೂ ನೆನಪಿರಲ್ಲ. ಒಣಗಿದ ವರ್ಷ, ಬೇರು ಸಮೇತ ಕಿತ್ತು ಒಲೆಗೆ ಹಾಕ್ತಾರಲ್ಲ, ಆಗ ಮನೆಮನೇಲೂ ಅದೇ ಹೆಸರು. ನನ್ನ ಅಜ್ಜಿ ಒಬ್ಬನ ಹೆಸರು ಹಿಡಿದು ಸಾಯೋವರೆಗೂ ಶಾಪ ಹಾಕ್ತಿದ್ಲು. ಅವನ ಮುಖ ನೋಡಿದವಳಲ್ಲ."

ಚೆರ್ನೆಟ್ ಬಾಗಿಲ ಪರದೆ ಸರಿಸಿ ಇಣುಕಿದ. "ಡಾಕ್ಟ್ರಮ್ಮ, ಕೇಂದ್ರದ ಕಡೆಯಿಂದ ಯಾರಾದ್ರೂ ನಾಲ್ಕು ಮಾತು ಆಡ್ಬೇಕಂತೆ. ಜನ ಕಾಯ್ತಿದ್ದಾರೆ." ಇಬ್ಬರ ಮುಖಗಳನ್ನೂ ನೋಡಿ, ಪರದೆ ಬಿಡದೆ ಅಲ್ಲೇ ನಿಂತ.

"ಬರ್ತೀನಿ," ಎಂದಳು ಹಿರುತ್. ಆಮೇಲೆ ದನಿ ತಗ್ಗಿಸಿ, "ಎತಿಯೆ, ಒಂದು ಸಲ ಯೋಚ್ನೆ ಮಾಡಿ. ಅವರ ಹೆಸರು ಉಳಿಯುತ್ತೆ."

ಬೆಲೆಟು ಹಿರುತ್‌ಳ ಕೈಯನ್ನು ತನ್ನ ಮಂಡಿಯ ಮೇಲಿಂದ ಎತ್ತಿದಳು. ಯಾರೋ ಬೆಂಚಿನ ಮೇಲೆ ಮರೆತುಹೋದ ವಸ್ತುವನ್ನು ಹಿಂದಿರುಗಿಸುವ ಹಾಗೆ ಅದನ್ನು ಅವಳ ಮಡಿಲಲ್ಲೇ ಇಟ್ಟಳು.

"ಬೇಡ," ಎಂದಳು, ಚೆರ್ನೆಟ್‌ಗೂ ಕೇಳಿಸುವಷ್ಟು ಜೋರಾಗಿ.