ಉಳಿಸಿದ ಐವತ್ತು ನಿಮಿಷ

ಮುಮ್ತಾಜಬಿಗೆ ಪಾಳಿ ಹಚ್ಚಿ ಸಾಲಿನಲ್ಲಿ ನಿಲ್ಲುವುದೆಂದರೆ ತಲೆಬೇನೆ. ಬ್ಯಾಡಗಿಯಲ್ಲಿ ಸೀಮೆಎಣ್ಣೆ ಕೊಡುವ ದಿನ ಅವಳು ನಸುಕಿನಲ್ಲೇ ಹೋಗಿ, ಖಾಲಿ ಡಬ್ಬಿಯೊಳಗೊಂದು ಕಲ್ಲು ಹಾಕಿ ಅಂಗಡಿ ಮುಂದೆ ಇಟ್ಟು ಬರುತ್ತಿದ್ದಳು. ಅಲ್ಲಿ ಡಬ್ಬಿ ಪಾಳಿಗೆ ನಿಲ್ಲುತ್ತಿತ್ತು, ಇಲ್ಲಿ ಇವಳು ರೊಟ್ಟಿ ಬಡಿಯುತ್ತಿದ್ದಳು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವುದರಲ್ಲಿ ಆ ಓಣಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪಿಯುಸಿ ಓದಿದವಳು, ಕೈಗೆ ಗಡಿಯಾರ ಕಟ್ಟಿದವಳು. ಹೊತ್ತು ಉಳಿಸುವುದು ತನ್ನೊಬ್ಬಳಿಗೇ ಗೊತ್ತಿರುವ ವಿದ್ಯೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಎಂಬತ್ತೆಂಟರ ಜನವರಿಯಲ್ಲಿ ರಾಣೆಬೆನ್ನೂರಿಗೆ ಎಕ್ಸಿಬಿಷನ್ ಬಂತು. ಮೂರು ಅಂತಸ್ತಿನ ಮನೆಗಿಂತ ಎತ್ತರದ ತಿರುಗುವ ತೊಟ್ಟಿಲು, ದೋಣಿ, ಪುಟ್ಟ ರೈಲು ಎಲ್ಲ ಬಂದಿವೆ ಎಂದು ಶಾಲೆಯಲ್ಲಿ ಕೇಳಿ ಬಂದ ಮಕ್ಕಳು, ಸಲಾವುದ್ದೀನ ಮತ್ತು ಮೈಮುನಾ, ಊಟ ಬಿಟ್ಟು ಹಟ ಹಿಡಿದರು. ಗಂಡ ಅಬ್ದುಲರಜಾಕ ಒಂದು ಶುಕ್ರವಾರ ಸೈಕಲ್ ಅಂಗಡಿಯ ಬಾಗಿಲು ಹಾಕಿದ. ಹೊರಡುವ ಹೊತ್ತಿಗೆ ಅತ್ತೆ ಮಕ್ತುಮಬಿ ಒಗೆದ ಸೀರೆ ಉಟ್ಟು, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಮ್ಮಾ, ನೀವೂ ಬರ್ತೀರೇನು? ಅಲ್ಲಿ ತಾಸುಗಟ್ಲೆ ನಿಂದರಬೇಕಾಗತೈತಿ," ಎಂದಳು ಮುಮ್ತಾಜಬಿ.

"ನಿಂದರತೇನಿ ತಗೋ. ಮೂವತ್ತ ವರ್ಷ ಕುಂತ ಮೆಣಸಿನಕಾಯಿ ತೊಟ್ಟು ಬಿಡಿಸೇನಿ. ಕುಂತದ್ದ ಸಾಕಾಗೇತಿ."

ಹಾಗೆ ತೊಟ್ಟು ಬಿಡಿಸುವ ಗೋದಾಮಿನ ಮೆಟ್ಟಿಲಲ್ಲೇ ಜಾರಿ ಬಿದ್ದು ಅವಳ ಬಲಗಾಲು ಸೊಟ್ಟಗಾಗಿತ್ತು. ಬಸ್ಸಿನಲ್ಲಿ ಮಕ್ಕಳು ತೊಟ್ಟಿಲಿನ ಮಾತಾಡುತ್ತಿದ್ದಾಗ ಮುದುಕಿ ಕಿಟಕಿ ಕಡೆ ನೋಡುತ್ತಲೇ ಕೇಳಿದಳು: "ಅಷ್ಟ ಎತ್ತರ ಹೋದ್ರ ನಮ್ಮ ಮೇಡ್ಲೇರಿ ಕಾಣಬೇಕಲ್ಲ?"

ಮೇಡ್ಲೇರಿ ಅವಳ ತವರು, ತುಂಗಭದ್ರೆಯ ದಂಡೆಯ ಊರು. ಕಾಲು ಹೋದ ಮೇಲೆ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗುವುದು ಆಗಿರಲಿಲ್ಲ. "ಕಾಣಬಹುದು ಅಮ್ಮಾ," ಎಂದ ಮುಮ್ತಾಜಬಿ ಗಡಿಯಾರ ನೋಡಿಕೊಂಡಳು.

ಎಕ್ಸಿಬಿಷನ್ನಿನ ಬಯಲಿನಲ್ಲಿ ಇಡೀ ತಾಲೂಕೇ ನೆರೆದಂತಿತ್ತು. ಪುಟ್ಟ ರೈಲಿನ ಪಾಳಿ ಬಳೆಯಂಗಡಿಗಳನ್ನು ದಾಟಿ, ಮಿರ್ಚಿ ಕರಿಯುವ ಬಂಡಿಯವರೆಗೆ ಬಂದಿತ್ತು. ಅವರು ಬಾಲದಲ್ಲಿ ನಿಂತು ಹತ್ತು ನಿಮಿಷವಾಗಿರಬೇಕು. ಹಗ್ಗ ಹಿಡಿದು ಮಂದಿಯನ್ನು ಬಿಡುತ್ತಿದ್ದ ಬುಡನಸಾಬನೆಂಬ ಆಳು ಅಲ್ಲಿಂದಲೇ ಕೂಗಿದ: "ಏ ಅಜ್ಜೀ, ಆ ಕಾಲ ತಗೊಂಡು ಬಿಸಲಾಗ ಯಾಕ ನಿಂತೀರಿ? ಮುಂದ ಬರ್ರಿ. ಅಜ್ಜಿ ಕೂಡ ಬಂದವರೂ ಬರ್ರಿ." ಯಾರೂ ತಕರಾರು ಮಾಡಲಿಲ್ಲ. ಒಬ್ಬ ರೈತ ತನ್ನ ಎರಡು ಕೂಸುಗಳನ್ನು ಬದಿಗೆ ಸರಿಸಿ ಮುದುಕಿಗೆ ದಾರಿ ಮಾಡಿಕೊಟ್ಟ. ಮಕ್ಕಳು ರೈಲು ಹತ್ತಿದರು. ಬುಡನಸಾಬ ತಾನು ಕೂರುವ ಸ್ಟೂಲನ್ನು ಮಕ್ತುಮಬಿಗೆ ಕೊಟ್ಟು ತಾನು ನಿಂತೇ ಇದ್ದ.

ಅತ್ತೆ ಜೊತೆಗಿದ್ದರೆ ಪಾಳಿಯೇ ಬೇಡ ಎಂಬುದು ಮುಮ್ತಾಜಬಿಯ ತಲೆಯಲ್ಲಿ ಥಟ್ಟನೆ ಹೊಳೆಯಿತು. ದೋಣಿಯಾಟದ ಹತ್ತಿರ ಅವಳು ಪಾಳಿಯ ಬಾಲಕ್ಕೆ ಹೋಗಲೇ ಇಲ್ಲ. ಅತ್ತೆಯ ರಟ್ಟೆ ಹಿಡಿದು ನೆಟ್ಟಗೆ ಹಗ್ಗದ ಬಳಿಗೆ ನಡೆದಳು. ಅಲ್ಲಿಯೂ ಬಿಟ್ಟರು. ದೊಡ್ಡ ತೊಟ್ಟಿಲಿನ ಪಾಳಿ ಎಲ್ಲಕ್ಕಿಂತ ಉದ್ದವಾಗಿತ್ತು.

"ಅಮ್ಮಾ, ಇಲ್ಲಿ ಸ್ವಲ್ಪ ಜಾಸ್ತಿ ಕುಂಟ್ರಿ," ಎಂದು ಪಿಸುಗುಟ್ಟಿದಳು.

"ಇದಕಿಂತ ಹೆಂಗ ಕುಂಟ್ಲಿ ಮುಮ್ತಾಜ್? ಇನ್ನೊಂದ ಕಾಲೂ ಮುರೀಬೇಕಾಗತೈತಿ," ಎಂದು ಮುದುಕಿ ನಕ್ಕಳು. ನಗುತ್ತಲೇ ಕೋಲಿನ ಮೇಲೆ ಇನ್ನಷ್ಟು ಬಾಗಿ ಕುಂಟಿದಳು. ಮೊಮ್ಮಕ್ಕಳು ಕಿಸಿಕಿಸಿ ನಕ್ಕರು.

ಪಾಳಿಯಲ್ಲಿದ್ದ ಒಬ್ಬ ಎಳೆ ಮೀಸೆಯವನು ಅಂದ: "ಏನ್ರಿ ಅಕ್ಕಾರ, ಅಜ್ಜಿನ ಬಾಡಗಿಗೆ ಕೊಡ್ತೀರೇನು? ನಮಗೂ ಒಂದ ಸುತ್ತಿಗೆ ಬೇಕಾಗಿತ್ತು." ಸುತ್ತಲಿದ್ದವರೆಲ್ಲ ನಕ್ಕರು. ಅಬ್ದುಲರಜಾಕ ತಲೆ ತಗ್ಗಿಸಿದ. ಮುಮ್ತಾಜಬಿ ಕೇಳಿಸದವಳಂತೆ ಮುಂದೆ ನಡೆದಳು.

ಆ ಹೊತ್ತಿಗೆ ಬುಡನಸಾಬನ ಸರದಿ ತೊಟ್ಟಿಲಿಗೆ ಬದಲಾಗಿತ್ತು. ಗುರುತು ಹಿಡಿದು ಹಗ್ಗ ಎತ್ತಿದ. ಒಂದು ತೊಟ್ಟಿಲಿಗೆ ನಾಲ್ವರು. ಮುಮ್ತಾಜಬಿ ತಂದದ್ದೂ ನಾಲ್ಕೇ ಟಿಕೆಟು. ಮಕ್ಕಳು ಜಿಗಿದು ಕುಳಿತರು, ಗಂಡ ಕುಳಿತ. ತಿರುಗಿ ನೋಡಿದರೆ ಮಕ್ತುಮಬಿ ಕೋಲನ್ನು ಕಂಬಕ್ಕೆ ಆನಿಸಿ, ಬುಡನಸಾಬನ ಕೈ ಹಿಡಿದು, ಹತ್ತುವ ಹಲಗೆಯ ಮೇಲೆ ಸೊಟ್ಟ ಕಾಲನ್ನು ಇಟ್ಟಿದ್ದಳು.

"ಅಮ್ಮಾ, ನೀವು ಇಲ್ಲೇ ಕುಂದ್ರಿ. ನಮ್ಮ ಚಪ್ಪಲಿ ನೋಡ್ಕೋರಿ."

ಮುದುಕಿ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. "ಹೌದಲ್ಲ, ಚಪ್ಪಲಿ ಯಾರಾರ ನೋಡಬೇಕಲ್ಲ."

ತೊಟ್ಟಿಲು ಮೇಲೇರಿ ತುದಿಯಲ್ಲಿ ನಿಂತಿತು. ಇನ್ನೂ ಬೆಳಕಿತ್ತು. ಸಲಾವುದ್ದೀನ ಕಿರುಚಿದ, ಮೈಮುನಾ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿದಳು. ಮುಮ್ತಾಜಬಿ ಕೆಳಗೆ ನೋಡಿದಳು. ಸ್ಟೂಲಿನ ಮೇಲೆ ಅತ್ತೆ ನಾಲ್ಕು ಜೊತೆ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಮೇಲೆ ನೋಡುತ್ತ ಕೈಯೆತ್ತಿದಳು.

ಇಳಿದಾಗ ಬುಡನಸಾಬ ಹೇಳಿದ: "ಅಕ್ಕಾ, ಮುಂದಿನ ಸುತ್ತಿಗೆ ಅಜ್ಜೀನ ಕುಂದ್ರಸ್ತೇನಿ. ಟಿಕೇಟ ಬ್ಯಾಡ. ಮಗ್ಗಲದಾಗ ನಾನ ಕುಂತು ಹಿಡಕೋತೇನಿ. ಐದ ನಿಮಿಷದ ಕೆಲಸ."

ಮಕ್ತುಮಬಿ ಸೊಸೆಯ ಮುಖ ನೋಡಿದಳು.

ಮುಮ್ತಾಜಬಿ ಗಡಿಯಾರ ನೋಡಿದಳು. "ಬ್ಯಾಡ್ರೀ. ಬಸ್ಸಿಗೆ ಗದ್ದಲ ಆಗತೈತಿ. ಲಗೂ ಹೋಗಿ ಸೀಟ ಹಿಡೀಬೇಕು. ಮುಂದಿನ ವರ್ಷ ನೋಡೋಣಂತ ಅಮ್ಮಾ."

"ಹಾಂ, ಮುಂದಿನ ವರ್ಷ," ಎಂದು ಮುದುಕಿ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಕೆಳಗಿಟ್ಟಳು. ಅವುಗಳಿಗೆ ಮೆತ್ತಿದ್ದ ಧೂಳನ್ನು ಆಗಲೇ ಒರೆಸಿ ತೆಗೆದಿದ್ದಳು.

ಬಸ್ ನಿಲ್ದಾಣ ಮುಟ್ಟಿದಾಗ ಏಳಕ್ಕೆ ಐದು ನಿಮಿಷವಿತ್ತು. ಬ್ಯಾಡಗಿಯ ಬಸ್ಸು ಬರುವುದು ಮುಕ್ಕಾಲು ತಾಸಿನ ಮೇಲೆ ಎಂದರು. ಐವರೂ ಕಲ್ಲಿನ ಕಟ್ಟೆಯ ಮೇಲೆ ಕುಳಿತರು. ಅಲ್ಲಿಂದ ಮನೆಗಳ ಮಾಳಿಗೆಯ ಆಚೆ ದೊಡ್ಡ ತೊಟ್ಟಿಲು ಕಾಣುತ್ತಿತ್ತು. ಈಗ ಅದಕ್ಕೆ ಬಣ್ಣದ ದೀಪ ಹಚ್ಚಿದ್ದರು. ಮಕ್ತುಮಬಿ ಅದನ್ನೇ ನೋಡುತ್ತ ಕುಳಿತಳು. ಸೆರಗಿನ ಗಂಟಿನಿಂದ ಶೇಂಗಾ ತೆಗೆದು, ಸುಲಿದು, ಮಕ್ಕಳ ಕೈಗೆ ಹಾಕುತ್ತಿದ್ದಳು. ಯಾವಾಗ ಕೊಂಡಿದ್ದಳೋ.

"ಮುಮ್ತಾಜ್, ಮೇಡ್ಲೇರಿ ಕಂಡತೇನ?"

ಮುಮ್ತಾಜಬಿಗೆ ಆಗ ನೆನಪಾಯಿತು. ಮೇಲೆ ನಿಂತಾಗ ಆ ಕಡೆ ನೋಡಿರಲೇ ಇಲ್ಲ. ಯಾವ ಕಡೆ ಎಂದು ಗೊತ್ತೂ ಇರಲಿಲ್ಲ. "ಹಾಂ ಅಮ್ಮಾ, ಕಂಡತು," ಎಂದಳು.

"ಹೊಳಿ?"

"ಹೊಳೀನೂ ಕಂಡತು."

"ದಂಡೀಮ್ಯಾಲ ಒಂದ ದೊಡ್ಡ ಹುಣಸೀಮರ ಇತ್ತಲ್ಲ?"

"ಇತ್ತು. ದೊಡ್ಡದ ಇತ್ತು."

ಮುದುಕಿ ಸೊಸೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸುಲಿದ ನಾಲ್ಕು ಶೇಂಗಾ ಕಾಳು ಅವಳ ಅಂಗೈಗೂ ಹಾಕಿ, "ಚಲೋ ಆತು ಬಿಡವಾ, ನೀನರ ನೋಡಿದಿ," ಎಂದಳು.

ಏಳೂ ಮುಕ್ಕಾಲಿಗೆ ಬಸ್ಸು ಬಂತು. ಮುಮ್ತಾಜಬಿ ಓಡಿ ಹೋಗಿ ಕಿಟಕಿಯಿಂದ ಕರವಸ್ತ್ರ ಎಸೆದಳು. ಬಸ್ಸಿನಲ್ಲಿ ಹತ್ತು ಮಂದಿಯೂ ಇರಲಿಲ್ಲ. ಮುಕ್ಕಾಲು ಪಾಲು ಸೀಟುಗಳು ಖಾಲಿ ಬಿದ್ದಿದ್ದವು.

ಮರುದಿನ ಮಕ್ತುಮಬಿ ಓಣಿಯವರಿಗೆಲ್ಲ ಹೇಳಿದಳು: ನನ್ನ ಸೊಸಿ ತೊಟ್ಟಲದಾಗ ಕುಂತು ನಮ್ಮ ಊರು ನೋಡಿ ಬಂದಾಳ, ಹೊಳಿ, ಹುಣಸೀಮರ ಎಲ್ಲಾ ಕಂಡತಂತ. ಪ್ರತಿ ಸಲ ಅದು ಕಿವಿಗೆ ಬಿದ್ದಾಗ ಮುಮ್ತಾಜಬಿ ಒಳಗೆ ಏನೋ ಕೆಲಸವಿದ್ದವಳಂತೆ ಎದ್ದು ಹೋಗುತ್ತಿದ್ದಳು. ನಿಜ ಹೇಳಬೇಕೆಂದು ಎಷ್ಟೋ ಸಲ ಅನಿಸಿತು. ಮುಂದಿನ ವರ್ಷ ಕರೆದುಕೊಂಡು ಹೋದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಳು.

ಆ ವರ್ಷ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮಕ್ತುಮಬಿಗೆ ಜ್ವರ ಬಂತು. ಒಂಬತ್ತು ದಿನ ಮಲಗಿದವಳು ಏಳಲೇ ಇಲ್ಲ.

ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆಗೆ ಮೇಡ್ಲೇರಿಯಿಂದ ಅವಳ ತಮ್ಮ ಮೌಲಾಸಾಬ ಬಂದಿದ್ದ. ಊಟವಾದ ಮೇಲೆ ಪಡಸಾಲೆಯಲ್ಲಿ ಅಕ್ಕನ ಮಾತು ತೆಗೆದು ಕುಳಿತಿದ್ದಾಗ ಮುಮ್ತಾಜಬಿ ಅಂದಳು: "ಮಾಮಾ, ಹೊಳಿ ದಂಡಿಮ್ಯಾಲಿನ ಹುಣಸೀಮರ ಅಮ್ಮಗ ಭಾಳ ನೆನಪಿತ್ತು."

"ನೆನಪಿರಲಾರದ ಏನು? ಅದನ್ನ ಕಡದು ಹದಿನೈದ ವರ್ಷಾತಲ್ಲ. ಕಡಿಯೂ ದಿನಾ ಅಕ್ಕ ಊರಾಗ ಇದ್ಲು. ಇಡೀ ದಿನಾ ಅತ್ತು ಊಟಾನೂ ಮಾಡಲಿಲ್ಲ ನೋಡು."

ಮುಮ್ತಾಜಬಿಯ ಕೈಯಲ್ಲಿದ್ದ ಎಲೆಯಡಿಕೆ ತಟ್ಟೆ ಅಲ್ಲೇ ನಿಂತಿತು. ಕಲ್ಲಿನ ಕಟ್ಟೆ, ಬಣ್ಣದ ದೀಪ, ಅಂಗೈಗೆ ಬಿದ್ದ ನಾಲ್ಕು ಶೇಂಗಾ ಕಾಳು ಕಣ್ಮುಂದೆ ಬಂದವು. ಅತ್ತೆಗೆ ಆಗಲೇ ಗೊತ್ತಾಗಿತ್ತು. ಗೊತ್ತಿದ್ದೂ ಏಳು ತಿಂಗಳು ಓಣಿಯ ತುಂಬ ಸೊಸೆಯ ಹೆಸರು ಹೇಳಿಕೊಂಡು ತಿರುಗಿದ್ದಳು.

ಮುಂದಿನ ಜನವರಿಯಲ್ಲಿ ಎಕ್ಸಿಬಿಷನ್ ಮತ್ತೆ ಬಂತು. ಮಕ್ಕಳನ್ನು ಗಂಡನ ಜೊತೆ ರೈಲಿಗೆ ಕಳಿಸಿ ಮುಮ್ತಾಜಬಿ ತೊಟ್ಟಿಲಿನ ಪಾಳಿಯ ಬಾಲದಲ್ಲಿ ನಿಂತಳು. ಹಗ್ಗದ ಹತ್ತಿರ ಬುಡನಸಾಬನೇ ಇದ್ದ. ಇವಳನ್ನು ಕಂಡು, "ಅಕ್ಕಾ, ಈ ಸಲ ಅಜ್ಜಿ ಎಲ್ಲಿ?" ಎಂದು ಅಲ್ಲಿಂದಲೇ ಕೂಗಿದ. ಇವಳು ಇಲ್ಲವೆಂದು ತಲೆಯಾಡಿಸಿದಳು. ಅವನ ಕೈಯ ಹಗ್ಗ ಸಡಿಲವಾಯಿತು. "ಬರ್ರಿ, ನೀವ ಮುಂದ ಬರ್ರಿ," ಎಂದು ಕೈ ಮಾಡಿ ಕರೆದ.

"ಬ್ಯಾಡಣ್ಣಾ. ನನ್ನ ಪಾಳಿ ಬರಲಿ."

ಒಂದು ತಾಸು ಹತ್ತು ನಿಮಿಷ ನಿಂತಳು. ಹಿಮ್ಮಡಿ ನೊಂದವು. ತೊಟ್ಟಿಲಿನಲ್ಲಿ ಎದುರಿಗೆ ಹಲಗೇರಿಯ ಹೊನ್ನವ್ವ ಎಂಬಾಕೆ ಕುಳಿತಿದ್ದಳು. ಮೇಲೆ ಹೋದಂತೆ ಮುಮ್ತಾಜಬಿ ಸರಳನ್ನು ಬಿಗಿಯಾಗಿ ಹಿಡಿದದ್ದನ್ನು ಕಂಡು, ಪರಿಚಯವಿಲ್ಲದ ಆ ಹೆಂಗಸು ಅವಳ ಕೈ ಹಿಡಿದುಕೊಂಡಳು.

"ಯಕ್ಕಾ, ಮೇಡ್ಲೇರಿ ಯಾವ ಕಡೆ ಬರತೈತ್ರಿ?"

"ಮೇಡ್ಲೇರಿ? ಅದು ಇಲ್ಲಿಂದ ಎಲ್ಲಿ ಕಾಣಬೇಕವಾ, ಭಾಳ ದೂರ," ಎಂದು ಹೊನ್ನವ್ವ ನಕ್ಕಳು. ಆದರೂ ಕತ್ತು ತಿರುಗಿಸಿ, ಬಿಸಿಲಲ್ಲಿ ಮಸುಕಾಗಿದ್ದ ಹೊಲಗಳ ಕಡೆ ಬೆರಳು ಮಾಡಿದಳು. "ಅಕಾ, ಆ ಕಡೆ."

ತೊಟ್ಟಿಲು ಕೆಳಗಿಳಿಯತೊಡಗಿತು. ಮಾಳಿಗೆಗಳು ಅಡ್ಡ ಬರುವವರೆಗೂ ಮುಮ್ತಾಜಬಿ ಆ ಕಡೆಯೇ ನೋಡುತ್ತಿದ್ದಳು.