ಉಪಮಂತ್ರಿಗಳು ಇನ್ನೂ ಉತ್ತರ ಕೊಟ್ಟಿಲ್ಲ

೧

ಒಬ್ಬ ಮಂತ್ರಿಯ ಕಥೆಯನ್ನು ಎಲ್ಲಿಂದ ಶುರು ಮಾಡುವುದು, ನೀವೇ ಹೇಳಿ. ಹುಟ್ಟಿನಿಂದ ಮಾಡಿದರೆ ಅಭಿನಂದನ ಗ್ರಂಥ. ಸಾವಿನಿಂದ ಮಾಡಿದರೆ ಸಂತಾಪ ಸಭೆ. ಪ್ರಮಾಣವಚನದಿಂದ ಶುರು ಮಾಡಿ ಎರಡು ಪುಟ ಬರೆದೆ. ಹಾರಗಳ ವರ್ಣನೆಗೇ ಒಂದೂವರೆ ಪುಟ ಹೋಯಿತು. ಹರಿದು ಹಾಕಿದೆ.

೧ (ಮತ್ತೆ)

1952. ಯಲಹಂಕದ ಮುನಿಶಾಮಪ್ಪನವರು ಮೊದಲ ಸಲ ವಿಧಾನಸಭೆಗೆ ನಿಂತರು. ಆಗ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಚೀಟಿಯನ್ನು ಬೇಕಾದವರ ಪೆಟ್ಟಿಗೆಯೊಳಗೆ ಹಾಕಬೇಕು. ಅವರ ಅಕ್ಕ ಮುನಿಕೆಂಪಮ್ಮ ಗಂಡ ಹೋದ ಮೇಲೆ ಪುಟ್ಟೇನಹಳ್ಳಿ ಕೆರೆಯಾಚೆ ಒಬ್ಬಳೇ ದ್ರಾಕ್ಷಿ ತೋಟ ಮಾಡಿಕೊಂಡಿದ್ದವಳು. ಅವಳು ಮನೆಮನೆ ತಿರುಗಿ, ಹೆಂಗಸರಿಗೆ ತಮ್ಮನ ಗುರುತು ತೋರಿಸಿ, ಭಕ್ತಿಯಿಂದ ಒಪ್ಪಿಸಿ ಬನ್ನಿ ಎಂದು ಹೇಳಿಕೊಟ್ಟಳು. ಅವರು ಹಾಗೆಯೇ ಮಾಡಿದರು. ಪೆಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಚೀಟಿಯನ್ನು ಪೆಟ್ಟಿಗೆಯ ತಲೆಯ ಮೇಲಿಟ್ಟು, ಕೈಮುಗಿದು ಬಂದರು. ಆ ಚೀಟಿಗಳು ಆಮೇಲೆ ಯಾರ ಪೆಟ್ಟಿಗೆ ಸೇರಿದವೋ ದೇವರಿಗೇ ಗೊತ್ತು. ಮೂವತ್ತೊಂದು ವೋಟಿನ ಸೋಲು.

ಮುನಿಶಾಮಪ್ಪನವರು ಅಕ್ಕನನ್ನು ಬಯ್ಯಲಿಲ್ಲ. "ನೋಡೋಣ" ಅಂದರು, ಅಷ್ಟೆ.

ಐದು ವರ್ಷದ ಮೇಲೆ ಮುನಿಕೆಂಪಮ್ಮ ಸೀಮೆಎಣ್ಣೆ ಡಬ್ಬಕ್ಕೆ ಸೀಳು ಕೊರೆಸಿ, ಹಳೆ ಕ್ಯಾಲೆಂಡರ್ ಹರಿದು ಚೀಟಿ ಮಾಡಿ, ಒಂದು ತಿಂಗಳು ಊರ ಹೆಂಗಸರ ಕೈಯಲ್ಲಿ ಒಳಕ್ಕೆ ಹಾಕಿಸಿ ಹಾಕಿಸಿ ಕಲಿಸಿದಳು. ಗೆದ್ದರು. ಮರುವರ್ಷ ಕಂದಾಯ ಖಾತೆಯ ಉಪಮಂತ್ರಿ.

(ಚೆನ್ನಾಗಿ ಓಡುತ್ತಿದೆ, ಅಲ್ಲವೇ? ಇದೇ ವೇಗದಲ್ಲಿ ಹೋದರೆ 1967ರ ಸೋಲಿನ ತನಕ ನಾಲ್ಕು ಪುಟ. ಬೆಳಗಾದರೆ ಮೂರು ಮಕ್ಕಳ ಡಬ್ಬಿ ಕಟ್ಟಬೇಕಾದ ನನಗೆ ಅಷ್ಟೇ ಸಾಧ್ಯ. ಆದರೆ ಕಥೆ 1959ರಲ್ಲಿ ಸಿಕ್ಕಿಹಾಕಿಕೊಂಡಿದೆ. ಕಾರಣ ಮುಂದಿದೆ, ಜಗಲಿಯ ಮೇಲೆ ಕೂತಿದೆ.)

೨

ಭಾನುವಾರ ಬೆಳಿಗ್ಗೆ ಉಪಮಂತ್ರಿಗಳು ಯಲಹಂಕದ ಸ್ವಂತ ಮನೆಯ ಜಗಲಿಯ ಮೇಲೆ ಕೂತು ಜನರನ್ನು ನೋಡುತ್ತಿದ್ದರು. ದೊಡ್ಡವರನ್ನು ಬರಿಗೈಯಲ್ಲಿ ನೋಡಬಾರದೆಂದು ಎಲ್ಲರ ಕೈಯಲ್ಲೂ ಒಂದೊಂದು ನಿಂಬೆಹಣ್ಣು. ಎಲ್ಲರಿಗೂ ಒಂದೇ ಉತ್ತರ: ನೋಡೋಣ. ಇಲ್ಲ ಎಂದು ಯಾರಿಗೂ ಅಂದವರಲ್ಲ, ಹೂಂ ಎಂದು ಯಾರ ಕೈಗೂ ಸಿಕ್ಕವರಲ್ಲ. ಅವರ ರಾಜಕೀಯವೆಲ್ಲ ಈ ಒಂದು ಮಾತಿನ ಮೇಲೆ ನಿಂತಿತ್ತು.

ಆ ಅಕ್ಟೋಬರಿನ ಭಾನುವಾರ ಸಾಲಿನಲ್ಲಿ ಮುನಿಕೆಂಪಮ್ಮ ನಿಂತಿದ್ದಳು, ಕೈಯಲ್ಲಿ ನಿಂಬೆಹಣ್ಣು ಹಿಡಿದು. ಪಕ್ಕದ ತೋಟದ ನೂರುಲ್ಲಾ ಅವಳ ಹಿಂದೆ.

"ಏನಕ್ಕ ಇದು, ಒಳಗೆ ಬರೋದಲ್ವಾ?"

"ಒಳಗೆ ಬಂದ್ರೆ ಕಾಫಿ ಕೊಟ್ಟು ಕಳಿಸ್ತೀರ ಸ್ವಾಮೇರೆ. ಅರ್ಜಿ ಆಚೆಗೇ ಇರ್ಲಿ."

ವಿಷಯ ಇಷ್ಟು. ಒಂದು ಕಾರ್ಖಾನೆಗಾಗಿ ಕೆರೆಯಾಚೆಯ ಹನ್ನೊಂದು ಮನೆಯವರ ತೋಟಗಳನ್ನು ಸರ್ಕಾರ ತೆಗೆದುಕೊಳ್ಳುತ್ತದೆಂದು ನೋಟೀಸು ಬಂದು ಎಂಟು ತಿಂಗಳಾಗಿತ್ತು. ಫೈಲು ಉಪಮಂತ್ರಿಗಳ ಮೇಜಿನ ಮೇಲೆ ಮಲಗಿತ್ತು. ಈಗ ದ್ರಾಕ್ಷಿ ಬಳ್ಳಿಯ ಹಳೆ ಕಡ್ಡಿ ಕತ್ತರಿಸಿ ಸವರುವ ಕಾಲ. ಸವರಿ, ಗೊಬ್ಬರ ಹಾಕಿ, ಆಮೇಲೆ ನೆಲ ಹೋದರೆ ದುಡಿತವೆಲ್ಲ ಮಣ್ಣು. ಹೋಗುತ್ತದೆಂದು ಸವರದೆ ಬಿಟ್ಟು, ಹೋಗದೆ ಉಳಿದರೆ ವರ್ಷಕ್ಕೆ ಹಣ್ಣಿಲ್ಲ. ಈ ವಾರ ದಾಟಿದರೆ ಹಂಗಾಮು ತಪ್ಪುತ್ತದೆ. ನೂರುಲ್ಲಾ ಇದನ್ನೆಲ್ಲ ನಿಧಾನವಾಗಿ ವಿವರಿಸಿದ. ತೋಟ ಉಳಿಸಿಕೊಡಿ ಎಂದು ಕೇಳಲು ಬಂದಿಲ್ಲ, ಗೊತ್ತಾದರೆ ಸಾಕು ಎಂದ.

"ಓಯ್ತದೆ ಅನ್ನು, ಇಲ್ಲಾ ಉಳೀತದೆ ಅನ್ನು," ಅಂದಳು ಮುನಿಕೆಂಪಮ್ಮ. "ಎಲ್ರ ಎದುರಿಗೇ ಅನ್ನು. ಎರಡ್ರಲ್ಲಿ ಯಾವ್ದಾದ್ರೂ ನಂಗಾಯ್ತದೆ."

ನೀವು ಊಹಿಸಿದ್ದು ಸರಿ.

"ನೋಡೋಣ ಅಕ್ಕ," ಅಂದ.

(ಬಹುವಚನ ಇಲ್ಲಿಗೆ ಸಾಕು. ಅಕ್ಕನ ಮುಂದೆ ನಿಂತ ಮೇಲೆ ಅವನು 'ಅವನು'.)

೩

ಇಲ್ಲಿ ನಾನು ಮಧ್ಯೆ ಬಾಯಿ ಹಾಕಬೇಕಾಯಿತು. ಮೂರು ಸಲ ಹೇಳಿದೆ, ಮಕ್ಕಳಿಗೆ ಹೇಳಿದ ಹಾಗೆ. ಮುನಿಶಾಮಪ್ಪ, ಒಂದು ಉತ್ತರ ಕೊಡು.

"ಬರೆಯೋರು ನೀವು, ನಿಮಗೇನ್ರೀ," ಅಂದ. "ಉಳೀತದೆ ಅಂದ್ರೆ, ಅಕ್ಕನ ತೋಟ ಉಳಿಸಿಕೊಂಡ ಅಂತ ನಾಳೆ ಪೇಪರಲ್ಲಿ ಬರ್ತದೆ. ಹೋಗ್ತದೆ ಅಂದ್ರೆ ಹನ್ನೊಂದು ಮನೆ ವೋಟು ಹೋಗ್ತದೆ. ಸುಮ್ನಿದ್ರೆ ಏನು ಹೋಗ್ತದೆ ಹೇಳಿ?"

ಹಂಗಾಮು ಹೋಗ್ತದೆ ಅಂದೆ. ಅದಕ್ಕೂ ನೋಡೋಣ ಅಂದ. ಪೆನ್ನು ಎಸೆಯಬೇಕೆನಿಸಿತು.

ಅವನಿಂದಾಗದ್ದನ್ನು ನಾನೇ ಮಾಡೋಣವೆಂದು ಕೆಲವು ಅಂತ್ಯಗಳನ್ನು ಬರೆದೆ.

ಅ. ಹೋಗುತ್ತದೆ ಅನ್ನುತ್ತಾನೆ. ನಿಷ್ಠುರ ಅಂತ ಹೆಸರಾಗುತ್ತದೆ, ಪೂರ್ಣ ಮಂತ್ರಿಯಾಗುತ್ತಾನೆ. ಅಕ್ಕ ಮತ್ತೆ ಈ ಮನೆಯ ಹೊಸಿಲು ತುಳಿಯುವುದಿಲ್ಲ.

ಆ. ಎಲ್ಲರ ತೋಟವನ್ನೂ ಬಿಟ್ಟುಬಿಡಿ ಎಂದು ಫೈಲಿನ ಮೇಲೆ ಬರೆದು, ರಾಜೀನಾಮೆ ಕೊಟ್ಟು, ಯಲಹಂಕದ ತನಕ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಾನೆ. (ಇದನ್ನು ಓದಿ ಮುನಿಶಾಮಪ್ಪ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ, ಸ್ವಲ್ಪ ತಡವಾಗಿ.)

ಇ. ಮಳೆ ಬಂದು ಫೈಲು ನೆನೆದು... ಬೇಡ, ನನಗೇ ನಾಚಿಕೆಯಾಗುತ್ತದೆ.

ಮುನಿಕೆಂಪಮ್ಮನಿಗೆ ಮೂರನ್ನೂ ಓದಿ ಹೇಳಿದೆ. ಅವಳು ಕೇಳಿಸಿಕೊಂಡಳು.

"ನಿಮ್ದೂ ಅದೇ ಆಯ್ತಲ್ಲ," ಅಂದಳು. "ಅಂಗಾದ್ರೆ ಇಂಗೆ, ಇಂಗಾದ್ರೆ ಅಂಗೆ. ನಾಳೆ ಬೆಳಿಗ್ಗೆ ಕತ್ತರಿ ಇಡೀಲಾ ಬ್ಯಾಡ್ವಾ, ಅದನ್ನ ಯೋಳಿ."

ಮೂರು ಅಂತ್ಯಗಳನ್ನೂ ಹರಿದು ಹಾಕಿದೆ.

೫ (ನಾಲ್ಕರಲ್ಲಿ ಅವನ ಸಮರ್ಥನೆ ಇತ್ತು. ತೆಗೆದೆ.)

ಆ ಗುರುವಾರ ವಿಧಾನಸೌಧಕ್ಕೆ ಹೊರಟವನು ಕಾರನ್ನು ಕೆರೆಯ ಕಡೆ ತಿರುಗಿಸಲು ಹೇಳಿದ. ಏಕೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದನೆಂದು ನಿಮಗೂ ಗೊತ್ತು.

ತೋಟ ವಿಚಿತ್ರವಾಗಿತ್ತು. ಒಂದು ಸಾಲಿನ ಬಳ್ಳಿಗಳು ಸವರಿಸಿಕೊಂಡು ಬೋಳಾಗಿ ನಿಂತಿದ್ದವು. ಪಕ್ಕದ ಸಾಲು ಹಳೆಯ ಎಲೆಗಳನ್ನೆಲ್ಲ ಹೊತ್ತು ಹಾಗೆಯೇ ಇತ್ತು. ಮತ್ತೆ ಒಂದು ಬೋಳು, ಮತ್ತೆ ಒಂದು ಎಲೆ. ಬೇಲಿಯಾಚೆ ನೂರುಲ್ಲಾನ ತೋಟವೂ ಹೀಗೆಯೇ. ಅದರಾಚೆಯವರದೂ. ಹನ್ನೊಂದು ತೋಟಗಳನ್ನೂ ಅರ್ಧ ಸವರಿ ಅರ್ಧ ಬಿಟ್ಟಿದ್ದರು.

"ಏನಕ್ಕ ಇದು ಅವತಾರ?"

"ಸರ್ಕಾರದ ಅಪ್ಪಣೆ," ಅಂದಳು ಮುನಿಕೆಂಪಮ್ಮ. "ನೀನು ಯೋಳ್ದಂಗೇ ಮಾಡಿದೀವಿ."

ಆಳುಗಳು ಯಾರೂ ನಗಲಿಲ್ಲ. ಮುನಿಶಾಮಪ್ಪನ ಬಿಳಿ ಪಂಚೆಗೆ ಮುಳ್ಳುಕಾಯಿ ಅಂಟಿತ್ತು. ಅದನ್ನು ಕೀಳುತ್ತಾ ಒಂದಷ್ಟು ಹೊತ್ತು ಕಳೆದ. ಕೊನೆಗೆ ಅವಳು ಕತ್ತರಿಯನ್ನು ಅವನ ಕೈಗಿಟ್ಟು ಮುಂದಿನ ಸಾಲು ತೋರಿಸಿದಳು. ಸವರಿದರೆ ಉಳಿಯುತ್ತದೆ ಅಂತ, ಬಿಟ್ಟರೆ ಹೋಗುತ್ತದೆ ಅಂತ. ಬಾಯಲ್ಲಿ ಏನೂ ಹೇಳುವುದು ಬೇಡ, ಪೇಪರಿನವರು ಇಲ್ಲಿಲ್ಲ.

ಹನ್ನೊಂದು ಮನೆಯವರೂ ಬದುವಿನ ಮೇಲೆ ನಿಂತು ನೋಡುತ್ತಿದ್ದಾರೆ. ಅವನು ಬಳ್ಳಿಯನ್ನು ಎಡಗೈಯಲ್ಲಿ ಹಿಡಿದಿದ್ದಾನೆ. ಹಿಡಿದ ರೀತಿ ಸರಿಯಾಗಿಯೇ ಇದೆ, ಮಂತ್ರಿಯಾದರೂ ಕೈಗೆ ಮರೆತಿಲ್ಲ. ಬಳ್ಳಿಯಲ್ಲಿ ಚಿಗುರೊಡೆಯುವ ಗಂಟಿಗೆ ಕಣ್ಣು ಅನ್ನುತ್ತಾರೆ. ಎಷ್ಟು ಕಣ್ಣು ಉಳಿಸಿ ಕತ್ತರಿಸಬೇಕೆಂಬುದೇ ಈ ಕೆಲಸದ ಗುಟ್ಟು.

"ಎಷ್ಟು ಕಣ್ಣು ಬಿಡ್ಲಿ ಅಕ್ಕ?"

ನಿಜವಾಗಿ ಕೇಳಿದನೋ, ಹೊತ್ತು ಕಳೆಯಲು ಕೇಳಿದನೋ, ನನಗೆ ಗೊತ್ತಾಗಲಿಲ್ಲ. ಮುನಿಕೆಂಪಮ್ಮನ ಮುಖ ನೋಡಿದೆ. ಅವಳಿಗೂ ಗೊತ್ತಾದಂತಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನ ಕೈಯನ್ನೇ ನೋಡುತ್ತ ನಿಂತಿದ್ದಾಳೆ. ನಾನೂ ಅಲ್ಲೇ ನಿಂತಿದ್ದೇನೆ. ನಿಮಗೆ ಕೆಲಸವಿದ್ದರೆ ಹೊರಡಿ.